ಕಾಗೆಯೆದುರು ಕೂರುವ ವಿದ್ಯೆ

ನಮ್ಮ ಪ್ರೌಢಶಾಲೆಗಳ ವಾರ್ಷಿಕೋತ್ಸವದ ಕಾಲದಲ್ಲಿ ಒಂದು ಕೊಠಡಿಯನ್ನು ಚಿತ್ರಕಲಾ ಪ್ರದರ್ಶನಕ್ಕೆಂದು ಮೀಸಲಿಡುವ ಪದ್ಧತಿಯುಂಟು. ಊರು ಯಾವುದೇ ಆಗಲಿ, ಶಾಲೆ ಯಾವುದೇ ಆಗಲಿ, ಆ ಕೊಠಡಿಯನ್ನು ಹೊಕ್ಕು ಗೋಡೆಗಳನ್ನು ನೋಡುತ್ತ ಸಾಗುವವರಿಗೆ, ನೇರವಾಗಿ ನಮ್ಮನ್ನೇ ದಿಟ್ಟಿಸುವ ಹುಲಿಯ ಮುಖವೊಂದು, ಮೀನನ್ನು ಕಚ್ಚಿಕೊಂಡು ನೀರಿನಿಂದ ಮೇಲೇಳುತ್ತಿರುವ ಮಿಂಚುಳ್ಳಿಯೊಂದು, ಮತ್ತು ನಮ್ಮ ದೇಶದ ಯಾವ ಅರಣ್ಯದಲ್ಲಿಯೂ ಕಾಣಸಿಗದ, ದಕ್ಷಿಣ ಅಮೆರಿಕೆಯ ಮಕಾವ್ ಗಿಳಿಯೊಂದು ತಪ್ಪದೆ ಎದುರಾಗುತ್ತವೆ. ಬರೆದ ಮಕ್ಕಳ ಕೈಚಳಕವನ್ನು ಅಲ್ಲಗಳೆಯುವಂತಿಲ್ಲ. ಹುಲಿಯ ಮೀಸೆಯ ಒಂದೊಂದು ಕೂದಲನ್ನೂ ಬಿಡದೆ ತಿದ್ದಿರುತ್ತಾರೆ. ಆದರೆ ಅದೇ ಬಾಲಕನನ್ನು ಕರೆದು, ಬಿಸಿಯೂಟದ ಹೊತ್ತಿಗೆ ದಿನವೂ ಶಾಲೆಯ ಅಂಗಳಕ್ಕಿಳಿಯುವ ಕಾಗೆಯ ಚಿತ್ರವೊಂದನ್ನು ಬರೆದುಕೊಡಪ್ಪಾ ಎಂದು ಕೇಳಿದರೆ, ಅವನು ಮೊದಲು ಅರಸುವುದು ಮೊಬೈಲನ್ನು.

ಪ್ರಾಣಿಪಕ್ಷಿಗಳನ್ನು ಯಥಾವತ್ತಾಗಿ ಚಿತ್ರಿಸುವ ವಿದ್ಯೆಯು ನಮ್ಮಲ್ಲಿ ಛಾಯಾಚಿತ್ರವನ್ನು ಪ್ರತಿಮಾಡುವ ವಿದ್ಯೆಯಾಗಿ ಪರಿಣಮಿಸಿದೆ ಎಂಬುದು ನನ್ನ ಆಕ್ಷೇಪ. ಛಾಯಾಚಿತ್ರದ ಮೇಲೆ ಚೌಕಗಳನ್ನೆಳೆದು, ಹಾಳೆಯ ಮೇಲೂ ಅಷ್ಟೇ ಚೌಕಗಳನ್ನೆಳೆದು, ಒಂದೊಂದರಲ್ಲಿ ಕಂಡ ಕಪ್ಪುಬಿಳುಪನ್ನು ಪಕ್ಕದ ಚೌಕಕ್ಕೆ ಸಾಗಿಸುವುದನ್ನೇ ಚಿತ್ರಕಲೆಯೆಂದು ಕಲಿಸುವುದರಿಂದ, ಯಾವ ಕಪ್ಪು ಗರಿಯದು, ಯಾವ ಕಪ್ಪು ನೆರಳಿನದು ಎಂಬ ಪ್ರಶ್ನೆಯೇ ವಿದ್ಯಾರ್ಥಿಯ ಮನಸ್ಸಿನಲ್ಲಿ ಹುಟ್ಟುವುದಿಲ್ಲ. ಚಿತ್ರವು ಪೂರ್ಣಗೊಂಡಾಗ ಅವನ ಬಳಿ ಒಂದು ಹುಲಿಯ ಮುಖವಿರುವುದೇ ಹೊರತು ಹುಲಿಯನ್ನು ಕುರಿತ ಯಾವ ತಿಳಿವಳಿಕೆಯೂ ಇರುವುದಿಲ್ಲ.

ನಮ್ಮ ಪ್ರಾಚೀನರು ಈ ವಿಷಯವನ್ನು ಆಲೋಚಿಸದೆ ಬಿಟ್ಟವರಲ್ಲ. ವಾತ್ಸ್ಯಾಯನನ ಕಾಮಸೂತ್ರಕ್ಕೆ ಜಯಮಂಗಲಾ ಎಂಬ ವ್ಯಾಖ್ಯಾನವನ್ನು ಬರೆದ ಯಶೋಧರನು ಚಿತ್ರಕಲೆಯ ಷಡಂಗಗಳಲ್ಲಿ ರೂಪಭೇದವನ್ನು ಮೊದಲಿಗಿಟ್ಟು, ಪ್ರಮಾಣ, ಭಾವ, ಲಾವಣ್ಯಯೋಜನೆಗಳ ತರುವಾಯ ಸಾದೃಶ್ಯವನ್ನೂ, ಕಟ್ಟಕಡೆಗೆ ವರ್ಣಿಕಾಭಂಗವನ್ನೂ ಹೇಳಿರುವನು. ಬಣ್ಣದ ಕೆಲಸಕ್ಕೆ ಕೊನೆಯ ಸ್ಥಾನ. ಒಂದು ರೂಪಕ್ಕೂ ಮತ್ತೊಂದು ರೂಪಕ್ಕೂ ಇರುವ ಭೇದವನ್ನು ಅರಿಯುವುದಕ್ಕೆ ಮೊದಲ ಸ್ಥಾನ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವಂತೂ, ನಿದ್ರಿಸುತ್ತಿರುವವನನ್ನೂ ಮೃತನಾದವನನ್ನೂ ಬೇರೆ ಬೇರೆಯಾಗಿ ತೋರಿಸಬಲ್ಲವನೇ ಚಿತ್ರವಿದನೆಂದು ಹೇಳುತ್ತದೆ. ಈ ಒಂದು ಪರೀಕ್ಷೆಯನ್ನು ನಮ್ಮ ಪ್ರದರ್ಶನಗಳ ಹುಲಿಗಳಿಗೆ ಒಡ್ಡಿದರೆ ಎಷ್ಟು ಉಳಿದಾವು?

ಕಣ್ಣಾರೆ ಕಂಡು ಬರೆಯುವುದಕ್ಕೂ ಕೇಳಿ ಬರೆಯುವುದಕ್ಕೂ ಇರುವ ಅಂತರವನ್ನು ತೋರಿಸಲು ಜರ್ಮನಿಯ ಆಲ್‌ಬ್ರೆಕ್ಟ್ ಡ್ಯೂರರನ ಎರಡು ಚಿತ್ರಗಳಿಗಿಂತ ಉತ್ತಮ ನಿದರ್ಶನವನ್ನು ನಾನರಿಯೆ. 1515ರಲ್ಲಿ ಗುಜರಾತಿನ ಸುಲ್ತಾನನು ಪೋರ್ಚುಗೀಸರಿಗೆ ಕಾಣಿಕೆಯಾಗಿ ಕೊಟ್ಟ ಖಡ್ಗಮೃಗವೊಂದು ಗೋವೆಯಿಂದ ಹಡಗನ್ನೇರಿ ಲಿಸ್ಬನ್ ನಗರವನ್ನು ಸೇರಿತು. ನ್ಯೂರೆಂಬರ್ಗಿನಲ್ಲಿದ್ದ ಡ್ಯೂರರನಿಗೆ ಅದನ್ನು ನೋಡುವ ಭಾಗ್ಯ ಒದಗಲಿಲ್ಲ. ಯಾರೋ ಬರೆದು ಕಳುಹಿಸಿದ ವರ್ಣನೆಯನ್ನೂ ಒಂದು ಕಚ್ಚಾ ರೇಖಾಚಿತ್ರವನ್ನೂ ಆಧಾರವಾಗಿಟ್ಟುಕೊಂಡು ಅವನು ತನ್ನ ಸುಪ್ರಸಿದ್ಧ ಮರದಚ್ಚಿನ ಚಿತ್ರವನ್ನು ರಚಿಸಿದನು. ಮೃಗದ ಚರ್ಮವು ಅದರಲ್ಲಿ ಯೋಧನ ಕವಚದಂತೆ ಫಲಕ ಫಲಕವಾಗಿದೆ, ಕಾಲುಗಳ ಮೇಲೆ ಮೀನಿನ ಹುರುಪೆಗಳಂತಹವು ಮೂಡಿವೆ, ಹೆಗಲಿನ ಮೇಲೆ ಯಾವ ಖಡ್ಗಮೃಗಕ್ಕೂ ಇಲ್ಲದ ಪುಟ್ಟ ಕೊಂಬೊಂದು ಎದ್ದು ನಿಂತಿದೆ. ರೇಖೆಗಳು ಎಷ್ಟು ಸಮರ್ಥವಾಗಿದ್ದುವೆಂದರೆ, ಎರಡು ಶತಮಾನಗಳಿಗೂ ಮಿಗಿಲಾಗಿ ಯೂರೋಪಿನ ಗ್ರಂಥಗಳು ಆ ಪುಟ್ಟ ಕೊಂಬನ್ನೂ ಬಿಡದೆ ನಕಲುಮಾಡಿದುವು. ಅದೇ ಡ್ಯೂರರನು 1502ರಲ್ಲಿ ಬರೆದ ಎಳೆಯ ಮೊಲದ ಜಲವರ್ಣಚಿತ್ರವು ಇಂದು ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹದಲ್ಲಿದೆ. ಮೊಲದ ಕೂದಲು ಬೆನ್ನಿನ ಮೇಲೆ ಒಂದು ದಿಕ್ಕಿಗೆ, ಎದೆಯ ಮೇಲೆ ಇನ್ನೊಂದು ದಿಕ್ಕಿಗೆ, ಕಿವಿಯ ಬುಡದಲ್ಲಿ ಮತ್ತೊಂದು ದಿಕ್ಕಿಗೆ ಹೊರಳುವುದನ್ನು ಅಲ್ಲಿ ಕಾಣಬಹುದು. ಕಣ್ಣಿನ ಹೊಳಪಿನೊಳಗೆ ಕಿಟಕಿಯೊಂದರ ಪ್ರತಿಬಿಂಬವನ್ನೂ ಕಾಣಬಹುದು. ಕೈ ಒಂದೇ. ಮೊಲವು ಎದುರಿಗಿತ್ತು, ಖಡ್ಗಮೃಗವು ಎದುರಿಗಿರಲಿಲ್ಲ.

ಇದಾದ ಸುಮಾರು ನೂರು ವರ್ಷಗಳಿಗೆ, ಅದೇ ಗೋವೆಯ ಬಂದರಿನಿಂದ ಪ್ರಾಣಿಗಳು ಎದುರು ದಿಕ್ಕಿಗೆ ಪ್ರಯಾಣಮಾಡಿದುವು. 1612ರಲ್ಲಿ ಮೊಗಲ್ ಬಾದಶಹನಾದ ಜಹಾಂಗೀರನಿಗೆ ಅವನ ಆಸ್ಥಾನದ ಮುಕರ್ರಬ್ ಖಾನನು ಗೋವೆಯಿಂದ ತಂದೊಪ್ಪಿಸಿದ ವಿಚಿತ್ರ ಪಕ್ಷಿಗಳಲ್ಲಿ ಟರ್ಕಿ ಕೋಳಿಯೂ ಒಂದು. ಜಹಾಂಗೀರನು ಅದನ್ನು ವಿವರವಾಗಿ ವರ್ಣಿಸಿದುದಲ್ಲದೆ, ತನ್ನ ಮುತ್ತಜ್ಜನಾದ ಬಾಬರನು ಪ್ರಾಣಿಗಳ ರೂಪವನ್ನು ಬರೆದಿಟ್ಟನಾದರೂ ಚಿತ್ರಕಾರರಿಂದ ಬರೆಸಲಿಲ್ಲವೆಂದು ಆಕ್ಷೇಪಿಸಿ, ತಾನು ಎರಡನ್ನೂ ಮಾಡಿಸುವುದಾಗಿ ಹೇಳಿಕೊಂಡಿರುವನು. ಯುಗದ ಅದ್ಭುತನೆಂಬ ಬಿರುದನ್ನು ಪಡೆದ ಉಸ್ತಾದ್ ಮನ್ಸೂರನ ಆ ಟರ್ಕಿ ಕೋಳಿಯ ಚಿತ್ರದಲ್ಲಿ ಕೊರಳಿನ ಜೋಲುಚರ್ಮದ ನೆರಿಗೆಗಳನ್ನು ಎಣಿಸಬಹುದು. 1621ರಲ್ಲಿ ಜೀಬ್ರಾ ಬಂದಾಗ, ಅದರ ಮೈಮೇಲಿನ ಪಟ್ಟೆಗಳನ್ನು ಯಾರೋ ಬಣ್ಣದಿಂದ ಬಳಿದಿರಬೇಕೆಂದು ಆಸ್ಥಾನದವರು ಶಂಕಿಸಿದರಂತೆ. ಮನ್ಸೂರನೋ ಹಣೆಯ ಮೇಲೆ ಕಿರಿದಾಗಿ, ಪಕ್ಕೆಯ ಮೇಲೆ ಅಗಲವಾಗಿ, ಕಾಲಿನ ಮೇಲೆ ಅಡ್ಡಲಾಗಿ ಸಾಗುವ ಆ ಪಟ್ಟೆಗಳ ದಾರಿಯನ್ನು ಹಿಡಿದು ಕುಂಚವನ್ನು ನಡೆಸಿದನು. ರಾಜಾಶ್ರಯವು ಅವನಿಗೆ ಸಂಬಳವನ್ನು ಕೊಟ್ಟಿತೆಂಬುದೇನೋ ನಿಜ. ಅದಕ್ಕಿಂತ ಮಿಗಿಲಾಗಿ, ಜೀವಂತ ಪ್ರಾಣಿಯೆದುರು ಕುಳಿತಿರಲು ಬೇಕಾದ ಸಮಯವನ್ನು ಕೊಟ್ಟಿತು.

ಇಲ್ಲಿ ಛಾಯಾಚಿತ್ರದ ಪರವಾಗಿಯೂ ವಾದಿಸುವವರಿರುವರು. ಅವರ ವಾದ ದುರ್ಬಲವಲ್ಲ. ಓಡುವ ಕುದುರೆಯನ್ನು ಮುಂಗಾಲುಗಳು ಮುಂದಕ್ಕೂ ಹಿಂಗಾಲುಗಳು ಹಿಂದಕ್ಕೂ ಚಾಚಿಕೊಂಡಂತೆ, ಗಾಳಿಯಲ್ಲಿ ತೇಲುವಂತೆ, ಚಿತ್ರಕಾರರು ಬಹುಕಾಲದಿಂದ ಬರೆಯುತ್ತ ಬಂದಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್‌ವರ್ಡ್ ಮೈಬ್ರಿಜನು ಕ್ಯಾಮೆರಾಗಳನ್ನು ಸಾಲಾಗಿ ಜೋಡಿಸಿ ತೆಗೆದ ಚಿತ್ರಗಳು, ನಾಲ್ಕು ಕಾಲುಗಳೂ ನೆಲವನ್ನು ಬಿಡುವುದು ನಿಜವಾದರೂ ಆ ಕ್ಷಣದಲ್ಲಿ ಅವು ಚಾಚಿಕೊಂಡಿರದೆ ಹೊಟ್ಟೆಯಡಿಯಲ್ಲಿ ಮಡಚಿಕೊಂಡಿರುವುವೆಂದು ತೋರಿಸಿಕೊಟ್ಟುವು. ಬರಿಗಣ್ಣು ತಲೆತಲಾಂತರದಿಂದ ಮೋಸಹೋಗಿದ್ದ ಸ್ಥಳ ಅದು. ಆದಕಾರಣ ಕ್ಯಾಮೆರಾವನ್ನು ಸಾಕ್ಷಿಯಾಗಿ ಕರೆಯುವುದಕ್ಕೆ ನನ್ನ ಅಭ್ಯಂತರವಿಲ್ಲ. ಗುರುವಿನ ಪೀಠದಲ್ಲಿ ಕೂರಿಸುವುದಕ್ಕೆ ಮಾತ್ರ ಇದೆ. ಸಾಕ್ಷಿಯು ಕೇಳಿದ ಪ್ರಶ್ನೆಗೆ ಉತ್ತರ ಹೇಳುವನು. ಪ್ರಶ್ನೆಯು ಮೊದಲು ನೋಡುವವನಲ್ಲಿ ಹುಟ್ಟಬೇಕು. ಅಲ್ಲದೆ, ಒಳ್ಳೆಯ ಛಾಯಾಚಿತ್ರದ ಹಿಂದೆಯೂ ಒಬ್ಬನ ದೀರ್ಘವಾದ ಕಾಯುವಿಕೆಯಿರುತ್ತದೆ. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರ ಛಾಯಾಚಿತ್ರಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನ್ಯನು ಕಾದು ಪಡೆದ ಫಲವನ್ನು ಮೊಬೈಲಿನಿಂದ ಇಳಿಸಿಕೊಂಡವನಿಗೆ ಫಲವು ದಕ್ಕೀತು, ಕಾಯುವಾಗ ಆದ ಪರಿಚಯವು ದಕ್ಕದು.

ಹಾಗಾದರೆ ಎಲ್ಲಿಂದ ಆರಂಭಿಸಬೇಕು? ಹುಲಿಯಿಂದ ಖಂಡಿತ ಬೇಡ, ಕಾಗೆಯಿಂದ. ಕಾಂಪೌಂಡು ಗೋಡೆಯ ಮೇಲೆ ಅದು ಬಂದು ಕುಳಿತಾಗ, ಕಣ್ಣು ಕೊಕ್ಕುಗಳನ್ನು ಬರೆಯುವ ಆತುರವನ್ನು ತಡೆದುಕೊಂಡು, ತಲೆಯಿಂದ ಬಾಲದ ತುದಿಯವರೆಗೆ ಮೈ ಎಷ್ಟು ಓರೆಯಾಗಿದೆಯೆಂಬುದನ್ನು ಒಂದೇ ಗೆರೆಯಲ್ಲಿ ಗುರುತಿಸಿಕೊಳ್ಳಬೇಕು. ಆ ಗೆರೆಯ ಮೇಲೆ ಒಡಲಿಗೊಂದು, ತಲೆಗೊಂದು ಅಂಡಾಕೃತಿಯನ್ನಿಟ್ಟು, ಪಾದಗಳು ಮೈಭಾರವು ಬೀಳುವ ಸ್ಥಳದ ನೇರ ಕೆಳಗೆ ಬಂದಿವೆಯೇ ಎಂದು ನೋಡಬೇಕು. ಬರದಿದ್ದರೆ ಗರಿಗಳನ್ನು ಎಷ್ಟೇ ನಯವಾಗಿ ತೀಡಿದರೂ ಆ ಕಾಗೆ ಗೋಡೆಯಿಂದ ಉರುಳಿಬೀಳುವಂತೆಯೇ ತೋರುವುದು. ಇಷ್ಟರಲ್ಲಿ ಕಾಗೆ ತಿರುಗಿರುತ್ತದೆ. ತಿರುಗಲಿ, ಅದೇ ಹಾಳೆಯ ಮಗ್ಗುಲಲ್ಲಿ ಇನ್ನೊಂದನ್ನು ಆರಂಭಿಸಿ, ಮೊದಲಿನದನ್ನು ಅರ್ಧಕ್ಕೇ ಬಿಡಬೇಕು. ಜೀವಿಗಳು ತಮ್ಮ ಭಂಗಿಗಳನ್ನು ಮತ್ತೆ ಮತ್ತೆ ತಾಳುತ್ತವೆ. ಕೊಕ್ಕನ್ನು ಗೋಡೆಗೆ ಉಜ್ಜುವುದು, ಕೊರಳನ್ನು ಓರೆಮಾಡಿ ಒಂದೇ ಕಣ್ಣಿನಿಂದ ಕೆಳಗೆ ನೋಡುವುದು, ಇವೆಲ್ಲ ಸ್ವಲ್ಪ ಹೊತ್ತಿನಲ್ಲಿಯೇ ಮರಳಿ ಬರುವುವು. ಆಗ ಬಿಟ್ಟಲ್ಲಿಂದ ಮುಂದುವರಿಸಬಹುದು. ಅರ್ಧಂಬರ್ಧ ಕಾಗೆಗಳಿಂದ ತುಂಬಿದ ಅಂತಹ ಒಂದು ಹಾಳೆಯನ್ನು ನಾನು ನುಣುಪಾದ ಹತ್ತು ಮಕಾವ್‌ಗಳಿಗಿಂತ ಮೇಲಾಗಿ ಎಣಿಸುತ್ತೇನೆ.

ಕಾಲಿನ ವಿಷಯವನ್ನು ತೆಗೆದುಕೊಳ್ಳಿ. ಹಕ್ಕಿಯ ಮೊಣಕಾಲು ಹಿಂದಕ್ಕೆ ಬಾಗುವುದೆಂದು ನಮ್ಮಲ್ಲಿ ಬಹುಮಂದಿ ನಂಬಿರುವರು. ಹಾಗೆ ಹಿಂದಕ್ಕೆ ಬಾಗಿದಂತೆ ಕಾಣುವ ಕೀಲು ವಾಸ್ತವವಾಗಿ ಅದರ ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಗರಿಗಳೊಳಗೆ ಅಡಗಿದ್ದು, ನಮ್ಮ ಮೊಣಕಾಲಿನಂತೆಯೇ ಮುಂದಕ್ಕೆ ಬಾಗುತ್ತದೆ. ಹಕ್ಕಿಯು ತನ್ನ ಬೆರಳುಗಳ ಮೇಲೆಯೇ ನಿಂತಿರುವುದೆಂದು ತಿಳಿದವನು ಕಾಲನ್ನು ಎಲ್ಲಿಂದ ಹೊರಡಿಸಬೇಕೆಂಬುದನ್ನೂ ಬಲ್ಲನು. ಕಾಗೆಗೆ ಮೂರು ಬೆರಳು ಮುಂದೆ, ಒಂದು ಹಿಂದೆ; ಗಿಳಿಗೆ ಎರಡು ಮುಂದೆ, ಎರಡು ಹಿಂದೆ. ಇನ್ನು ರೆಕ್ಕೆಯ ತುದಿಯ ನೀಳವಾದ ಗರಿಗಳು ಕಾಗೆಗೆ 10. ರೆಕ್ಕೆ ಮಡಚಿದಾಗ ಅವು ಬೀಸಣಿಗೆಯ ಕಡ್ಡಿಗಳಂತೆ ಒಂದರಡಿಗೊಂದು ಸರಿದು, ಒಳಗಡೆಯ ಗರಿಗಳ ಕೆಳಗೆ ಅಡಗಿ, ತುದಿಗಳನ್ನು ಮಾತ್ರ ಬಾಲದ ಬಳಿ ಹೊರಗೆ ಚಾಚುವುವು. ಈ ಕ್ರಮವನ್ನು ಅರಿತವನಿಗೆ ನೂರು ಗೆರೆಗಳ ಅವಶ್ಯಕತೆಯಿಲ್ಲ. ಅರಿಯದವನಿಗೆ ಸಾವಿರ ಗೆರೆಗಳೂ ಸಾಲವು.

ಬಣ್ಣದಲ್ಲಿಯೂ ಹೀಗೆಯೇ. ಕಾಗೆ ಕಪ್ಪೆಂದು ಟ್ಯೂಬಿನ ಕಪ್ಪನ್ನು ನೇರವಾಗಿ ಬಳಿದರೆ ಹಾಳೆಯಲ್ಲಿ ಒಂದು ರಂಧ್ರ ಬಿದ್ದಂತಾಗುವುದು. ಊರುಕಾಗೆಯ ಕೊರಳು ಬೂದಿಬಣ್ಣದ್ದು. ಬಿಸಿಲು ಬಿದ್ದ ಬೆನ್ನಿನಲ್ಲಿ ನೀಲಿ, ನೇರಿಳೆಗಳ ಮಿರುಗಿರುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಅಂಬರ್ ಕಂದುಬಣ್ಣವನ್ನು ಬೆರೆಸಿದರೆ, ಬೇಕಾದಾಗ ನೀಲಿಯ ಕಡೆಗೂ ಬೇಕಾದಾಗ ಕಂದಿನ ಕಡೆಗೂ ವಾಲುವ ಜೀವವುಳ್ಳ ಕಪ್ಪು ದೊರೆಯುವುದು. ಮಿಂಚುಳ್ಳಿಯ ಬೆನ್ನಿನ ನೀಲಿಯಂತೂ ಗರಿಯಲ್ಲಿ ನೀಲಿಯ ದ್ರವ್ಯವಿರುವುದರಿಂದ ಬಂದುದಲ್ಲ, ಗರಿಯ ಸೂಕ್ಷ್ಮರಚನೆಯು ಬೆಳಕನ್ನು ಚದುರಿಸುವುದರಿಂದ ಬಂದುದು. ಆದಕಾರಣ ದಪ್ಪ ನೀಲಿಯನ್ನು ಹಚ್ಚುವುದಕ್ಕಿಂತ, ತೆಳುವಾದ ಲೇಪದಡಿಯಲ್ಲಿ ಕಾಗದದ ಬಿಳುಪು ಹಾಯಲು ಬಿಡುವುದೇ ಲೇಸು.

ಪಕ್ಷಿಗಳಿಂದ ಪ್ರಾಣಿಗಳಿಗೆ ಬರುವವರಿಗೆ, ಮಲಗಿ ಮೆಲುಕುಹಾಕುತ್ತಿರುವ ಹಸುವಿಗಿಂತ ಉದಾರವಾದ ರೂಪದರ್ಶಿ ಬೇರಿಲ್ಲ. ಗಂಗೆದೊಗಲಿನ ಮಡಿಕೆಗಳು, ಹಿಣಿಲು ಬೆನ್ನಿಗೆ ಸೇರುವೆಡೆ, ಹಳ್ಳಿಕಾರ್ ಎತ್ತಾದರೆ ಹಿಂದಕ್ಕೆ ಬಾಗಿ ಸಾಗಿದ ಕೊಂಬು, ಸೀಳಿದ ಗೊರಸು, ಎಲ್ಲವನ್ನೂ ನಿಧಾನವಾಗಿ ನೋಡಲು ಅದು ಅವಕಾಶ ಕೊಡುತ್ತದೆ. ಅದು ಏಳುವ ರೀತಿಯನ್ನು ಮಾತ್ರ ಎಚ್ಚರದಿಂದ ಗಮನಿಸಬೇಕು. ಹಸು ಮೊದಲು ಹಿಂಗಾಲುಗಳನ್ನೆತ್ತಿ, ಮುಂಗಾಲುಗಳ ಮಂಡಿಯೂರಿ, ಅನಂತರ ನಿಲ್ಲುವುದು. ಕುದುರೆಯೋ ಮುಂಗಾಲುಗಳನ್ನು ಮೊದಲು ಊರುವುದು. ಕುದುರೆಯಂತೆ ಮೇಲೇಳುತ್ತಿರುವ ಹಸುವಿನ ಚಿತ್ರವನ್ನು ದನ ಮೇಯಿಸುವ ಹುಡುಗನಿಗೆ ತೋರಿಸಿದರೆ ಅವನು ನಕ್ಕಾನು. ಚಿತ್ರಕಲಾ ಪರೀಕ್ಷೆಯಲ್ಲಿ ಅದಕ್ಕೆ ಪೂರ್ಣಾಂಕಗಳು ಬಂದರೂ ಬರಬಹುದು.

ಪರೀಕ್ಷೆಯ ಮಾತು ಬಂದುದರಿಂದ ಹೇಳುತ್ತೇನೆ. ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕುಳಿತುಕೊಳ್ಳುವ ನಮ್ಮ ಮಕ್ಕಳು, ಆ ದಿನ ಬರೆದ ಚಿತ್ರದ ಜೊತೆಗೆ, ವರ್ಷವಿಡೀ ಜೀವಂತ ಪ್ರಾಣಿಗಳನ್ನು ನೋಡಿ ಬರೆದ ರೇಖಾಚಿತ್ರಗಳ ಪುಸ್ತಕವೊಂದನ್ನೂ ಒಪ್ಪಿಸಬೇಕೆಂದು ವಿಧಿಸಿ, ಅದರಲ್ಲಿಯ ಅಪೂರ್ಣ ಚಿತ್ರಗಳಿಗೂ ಅಂಕಗಳನ್ನು ಕೊಡುವುದಾದರೆ, ಮೇಷ್ಟರುಗಳು ತಾವಾಗಿಯೇ ಮಕ್ಕಳನ್ನು ಕೊಠಡಿಯಿಂದ ಮರದಡಿಗೆ ಕರೆತರುವರು. ಖರ್ಚೆಂದರೆ ಒಂದು 2ಬಿ ಪೆನ್ಸಿಲು, ಒಂದು ಮಗ್ಗುಲು ಖಾಲಿಯಿರುವ ರದ್ದಿ ಹಾಳೆಗಳು. ಅನುಕೂಲವುಳ್ಳವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬಹುದು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಮನೆಗಳ ನಡುವಿನ ಹುಣಸೆಮರಗಳಲ್ಲಿಯೇ ಗೂಡು ಕಟ್ಟುವುದರಿಂದ, ಮರಿಗೆ ನೆರಳಾಗಿ ರೆಕ್ಕೆ ಬಿಚ್ಚಿ ನಿಂತ ತಾಯಿಹಕ್ಕಿಯನ್ನು ಯಾರದಾದರೂ ಜಗಲಿಯ ಮೇಲೆ ಕುಳಿತೇ ಬರೆಯಬಹುದು.

1892ರಷ್ಟು ಹಳೆಯದಾದ ಮೈಸೂರಿನ ಮೃಗಾಲಯವೂ ಇದೆ. ಪಂಜರದ ಪ್ರಾಣಿಯನ್ನು ನೋಡಿ ಕಲಿಯುವುದು ಸರಿಯೇ ಎಂದು ಕೇಳುವವರ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಪ್ರಾಣಿಗಳು ಹೇಗೂ ಅಲ್ಲಿರುವಾಗ, ಅವುಗಳೆದುರು ಅರ್ಧ ನಿಮಿಷ ನಿಂತು ಸೆಲ್ಫಿ ತೆಗೆದುಕೊಂಡು ಸರಿಯುವ ಜನಸಂದಣಿಗಿಂತ, ಅರ್ಧ ದಿನ ಕುಳಿತು ಬರೆಯುವ ಹತ್ತು ಮಕ್ಕಳಿಂದ ಅವುಗಳಿಗೆ ಹೆಚ್ಚಿನ ಹಾನಿಯಾಗಲಾರದು. ಮೃಗಾಲಯಕ್ಕೆ ಮಂಗಳವಾರ ರಜೆ. ಶುಚಿಕಾರ್ಯಕ್ಕೂ ಪ್ರಾಣಿಗಳ ವಿಶ್ರಾಂತಿಗೂ ಭಂಗ ಬರದಂತೆ, ತಿಂಗಳಲ್ಲಿ ಒಂದು ಮಂಗಳವಾರ ಬೆಳಗಿನ ಎರಡು ಗಂಟೆಗಳ ಕಾಲ ಆನೆಯ ಆವರಣವೊಂದನ್ನಾದರೂ ಚಿತ್ರಕಲಾ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಲು ಆಡಳಿತದವರು ಮನಸ್ಸುಮಾಡಬಾರದೇಕೆ? ಮಾವುತರೂ ಕಾವಾಡಿಗಳೂ ಹತ್ತಿರದಲ್ಲಿದ್ದರೆ ಇನ್ನೂ ಒಳ್ಳೆಯದು; ಆನೆಯ ಹಿಂಗಾಲು ಹಸುವಿನದರಂತೆ ಮಡಚದೆ ಮನುಷ್ಯನ ಮೊಣಕಾಲಿನಂತೆ ಮಡಚುವುದನ್ನು ಯಾವ ಹೊತ್ತಿನಲ್ಲಿ, ಯಾವ ಮಗ್ಗುಲಿನಿಂದ ನೋಡಿದರೆ ಚೆನ್ನಾಗಿ ಕಾಣುವುದೆಂದು ಅವರೇ ಮಕ್ಕಳಿಗೆ ತೋರಿಸಿಕೊಟ್ಟಾರು.