ಅನಾಮತ್ತು ಖಾತೆ



ರಜೆಗೆ ಪೆನ್ನಾಗರಂಗೆ ಬಂದಿದ್ದ ಮೊಮ್ಮಗಳು ನಮ್ಮನ್ನು ಕೂರಿಸಿಕೊಂಡು ‘ಡೌಟ್’ ಎಂಬ ಇಂಗ್ಲಿಷ್ ಚಿತ್ರ ತೋರಿಸಿದಳು. 2008ರಲ್ಲಿ ಬಂದದ್ದು. ಜಾನ್ ಪ್ಯಾಟ್ರಿಕ್ ಶಾನ್ಲಿ ತಮ್ಮದೇ ನಾಟಕವನ್ನು ಚಿತ್ರ ಮಾಡಿದ್ದಾರೆ. ನಮಗೆ ತಿಳಿಯದ ಮಾತನ್ನೆಲ್ಲ ಅವಳೇ ಬಿಡಿಸಿ ಹೇಳಿದಳು.

ಕಥೆ 1964ರ ನ್ಯೂಯಾರ್ಕಿನ ಒಂದು ಕ್ಯಾಥೊಲಿಕ್ ಶಾಲೆಯದು. ಪಾದ್ರಿಯ ಕೋಣೆಗೆ ಹೋಗಿಬಂದ ಹುಡುಗನ ಬಾಯಲ್ಲಿ ಮದ್ಯದ ವಾಸನೆ. ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಅಲೋಶಿಯಸ್ ಅವರಿಗೆ ಅಷ್ಟೇ ಸಾಕಾಯಿತು, ಪಾದ್ರಿ ಹುಡುಗನನ್ನು ಕೆಡಿಸುತ್ತಿದ್ದಾನೆಂದು ನಿಶ್ಚಯಿಸಿಬಿಟ್ಟರು. ಹುಡುಗ ಪೂಜೆಯ ದ್ರಾಕ್ಷಾರಸ ಕದ್ದು ಕುಡಿದಿದ್ದ, ಅದನ್ನು ಮುಚ್ಚಿಟ್ಟೆ ಎನ್ನುತ್ತಾನೆ ಪಾದ್ರಿ. ಕೊನೆಗೆ ಆಕೆ ಒಂದು ಸುಳ್ಳು ಹೇಳಿ ಅವನನ್ನು ಅಲ್ಲಿಂದ ಕಳಿಸುತ್ತಾರೆ. ಅವನಿಗೆ ಬೇರೊಂದು ಚರ್ಚಿನಲ್ಲಿ ಬಡ್ತಿಯೇ ಸಿಗುತ್ತದೆ. ನಿಜ ಯಾವುದೆಂದು ಚಿತ್ರ ಹೇಳುವುದೇ ಇಲ್ಲ. ಆಕೆ ಅಳುತ್ತಾರೆ.

ನಮಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. 1989ರಲ್ಲಿ ನಮ್ಮ ಗಲ್ಲಾದಲ್ಲಿ 200 ರೂಪಾಯಿ ಕಡಿಮೆ ಬಂತು. ಅಂಗಡಿಯ ಹುಡುಗನ ಮೇಲೆ ಗುಮಾನಿಪಟ್ಟು ಕೆಲಸ ಬಿಡಿಸಿದೆವು. ಪೇಟೆಯ ನಾಲ್ಕು ಅಂಗಡಿಗಳಿಗೂ ಹೇಳಿದೆವು. ದೀಪಾವಳಿಗೆ ಲೆಕ್ಕ ಮುಗಿಸುವಾಗ ಲಾರಿ ಬಾಡಿಗೆಯ ಚೀಟಿ ಸಿಕ್ಕಿತು. ನಾವೇ ಕೊಟ್ಟು, ನಾವೇ ಬರೆಯಲು ಮರೆತಿದ್ದೆವು. ಅಷ್ಟರಲ್ಲಿ ಹುಡುಗ ಊರು ಬಿಟ್ಟಿದ್ದ. ಕ್ಷಮೆ ಕೇಳಲು ಇಂದಿಗೂ ಸಿಕ್ಕಿಲ್ಲ.

ಮೂಲ ತಿಳಿಯದ ಮೊತ್ತವನ್ನು ವ್ಯಾಪಾರಿಗಳಾದ ನಾವು ಅನಾಮತ್ತು ಖಾತೆಗೆ ಬರೆಯುತ್ತೇವೆ. ಯಾರ ಹೆಸರಿಗೂ ಹಾಕುವುದಿಲ್ಲ, ಅಳಿಸುವುದೂ ಇಲ್ಲ. ಚೀಟಿಗಾಗಿ ಹುಡುಕುತ್ತೇವೆ. ಹಣಕ್ಕೆ ತೋರುವ ಈ ಎಚ್ಚರ ಮನುಷ್ಯನ ಮಾನಕ್ಕೂ ಬೇಡವೇ?

ಹಾಗೆಂದು ಮಕ್ಕಳ ವಿಷಯದಲ್ಲಿ ಸುಮ್ಮನಿರುವುದೂ ಪಾಪ. ಮೊಮ್ಮಗಳು ಕಾನೂನು ಓದುವವಳು, ತಿಳಿಸಿದಳು: ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕವಿದ್ದರೂ, ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯಿದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098 ಇದೆ. ಸಾಕ್ಷಿ ಹುಡುಕಿ ರುಜುವಾತು ಮಾಡುವ ಹೊಣೆ ನಮ್ಮದಲ್ಲ, ತಿಳಿಸುವ ಹೊಣೆ ಮಾತ್ರ ನಮ್ಮದು. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆಯೂ ಇದೆ.

ಆದ್ದರಿಂದ ಸಂಶಯ ಬಂದರೆ ಹೇಳಬೇಕಾದಲ್ಲಿ ಹೇಳೋಣ, ಪೇಟೆಯ ನಾಲ್ಕು ಅಂಗಡಿಗಳಲ್ಲಿ ಬೇಡ. ಮನೆಯ ಮಕ್ಕಳು ಏನಾದರೂ ಹೇಳಲು ಬಂದರೆ ಲೆಕ್ಕದ ಪುಸ್ತಕ ಮುಚ್ಚಿ ಕೇಳೋಣ.