ಹಳೇ ಕಾರಿಗೆ ಹೊಸ ಚಿಲಕ

ಅಮೆರಿಕದಲ್ಲಿ ಹಳೇ ಕಾರುಗಳ ಜೀರ್ಣೋದ್ಧಾರ ಮಾಡುವವರು ಬಣ್ಣ, ಎಂಜಿನ್ ಜೊತೆಗೆ ಚಿಲಕವನ್ನೂ ಬದಲಿಸುವುದುಂಟು. ಏಕೆ ಗೊತ್ತೆ? ಅಪಘಾತದಲ್ಲಿ ಕಾರಿನ ಮೈ ತಿರುಚಿದರೆ ಹಳೆಯ ಚಿಲಕ ಜಾರಿ ಬಾಗಿಲು ತೆರೆದುಕೊಳ್ಳುತ್ತಿತ್ತು. ಒಳಗಿದ್ದವರು ಹೊರಕ್ಕೆ ಬೀಳುತ್ತಿದ್ದರು. 1956ರ ಮಾದರಿಗಳಲ್ಲಿ ಫೋರ್ಡ್ ಬಿಗಿಹಿಡಿತದ ಚಿಲಕ ತಂದಿತು. ಈಗ ಹಳೇ ಕಾರುಗಳಿಗೆ ಹಾಕುವ ‘ಬೇರ್ ಕ್ಲಾ’ ಚಿಲಕದ ಉಕ್ಕಿನ ದವಡೆ, ಬಾಗಿಲ ಚೌಕಟ್ಟಿನ ಗೂಟವನ್ನು ಕಚ್ಚಿ ಹಿಡಿಯುತ್ತದೆ.

ಸಾಮಾನು ಇಡುವ ಡಿಕ್ಕಿಯ ಕಥೆ ಇನ್ನೂ ದಾರುಣ. 1998ರ ಬೇಸಿಗೆಯಲ್ಲಿ ಅಲ್ಲಿ ಮೂರು ಘಟನೆಗಳಲ್ಲಿ 11 ಮಕ್ಕಳು ಡಿಕ್ಕಿಯೊಳಗೆ ಸಿಕ್ಕಿ ಸತ್ತರು. 2001ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳ ಡಿಕ್ಕಿಗೆ ಒಳಗಿನಿಂದ ತೆರೆಯುವ, ಕತ್ತಲಲ್ಲೂ ಕಾಣುವ ಹಿಡಿ ಕಡ್ಡಾಯವಾಯಿತು. ಹಳೇ ಕಾರಿಗೂ ಅದನ್ನು ಜೋಡಿಸಬಹುದು. ಆದರೂ ಕಣ್ಣಾಮುಚ್ಚಾಲೆಗೆ ಡಿಕ್ಕಿ ಜಾಗವಲ್ಲ ಎಂಬ ಮಾತನ್ನು ಮಕ್ಕಳಿಗೆ ಹೇಳಲೇಬೇಕು.