ಹಾಡಿಗೆ ಶ್ರೇಣಿ ಬರೆಯುವ ಮುನ್ನ

ಶಾಲಾ ಶಿಕ್ಷಣ ಇಲಾಖೆಯ ಅಪರ ಆಯುಕ್ತರಿಗೆ, ಕಲಬುರಗಿ

ಮಾನ್ಯರೇ,

ಬಸವಕಲ್ಯಾಣ, ಹುಮನಾಬಾದ್ ಭಾಗದ ಶಾಲೆಗಳಲ್ಲಿ ಸಂಗೀತ ಹೇಳಿಕೊಡುವವರು ನಾವು ಕೆಲವೇ ಮಂದಿ. ಒಂದೆಡೆ ಸೇರಿದಾಗಲೆಲ್ಲ ನಮ್ಮ ಮಾತು ಪ್ರಗತಿ ಪತ್ರದಲ್ಲಿ ಸಂಗೀತ, ಚಿತ್ರಕಲೆಗಳಿಗೆ ಶ್ರೇಣಿ ಬರೆಯುವ ಭಾಗ-ಬಿಗೇ ಬಂದು ನಿಲ್ಲುತ್ತದೆ. ಹಾಡುವ ಮಗುವಿಗೆ ಎ, ಬಿ, ಸಿ ಯಾವುದನ್ನು ಬರೆಯುವುದು, ಏನನ್ನು ನೋಡಿ ಬರೆಯುವುದು?

ಒಂಬತ್ತನೇ ತರಗತಿಯ ಹುಡುಗ. ಜೂನ್‌ನಲ್ಲಿ ಹಾರ್ಮೋನಿಯಂನ ಕಪ್ಪು ಐದಕ್ಕೆ ಷಡ್ಜ ಹಚ್ಚಿ ತಾರಸ್ಥಾಯಿಗೆ ಸಲೀಸಾಗಿ ಏರುತ್ತಿದ್ದ. ದಸರಾ ರಜೆ ಮುಗಿಸಿ ಬರುವಷ್ಟರಲ್ಲಿ ಧ್ವನಿ ಒಡೆದಿರುತ್ತದೆ. ಪಂಚಮ ದಾಟಿದರೆ ಗಂಟಲು ಕೈಕೊಡುತ್ತದೆ. ಕಪ್ಪು ಒಂದಕ್ಕೆ ಇಳಿಸಿ, ಮಂದ್ರದಲ್ಲಿ ರಿಯಾಜ್ ಮಾಡಿಸಿ, ಹೊಸ ಧ್ವನಿಯಲ್ಲಿ ಸಾ ಹಚ್ಚುವುದನ್ನು ಮೊದಲಿಂದ ಕಲಿಸುತ್ತೇವೆ. ವರ್ಷದಲ್ಲಿ ಅವನು ಕಲಿಯುವ ಅತಿ ಕಷ್ಟದ ಪಾಠ ಅದು. ಆದರೆ ಮಾರ್ಚ್‌ನಲ್ಲಿ ಹಾಡಿಸಿದರೆ, ಜೂನ್‌ನಲ್ಲೇ ಚೆನ್ನಾಗಿ ಹಾಡುತ್ತಿದ್ದನಲ್ಲ ಎನ್ನಿಸುತ್ತದೆ. ಆ ಒಂದು ದಿನದ ಹಾಡಿಗೆ ಶ್ರೇಣಿ ಕೊಟ್ಟರೆ ಹುಡುಗ ಹಿಂದೆ ಬಿದ್ದ.

ಭಜನಾ ಮಂಡಳಿಯಲ್ಲಿ ಅಪ್ಪನ ಪಕ್ಕ ಕೂತು ತಾಳ ಹಾಕಿ ಬೆಳೆದ ಹುಡುಗ ಕೆಹರವಾ ಎಂಬ ತಾಳದ ಹೆಸರು ಕೇಳಿರುವುದಿಲ್ಲ, ಲಯ ಮಾತ್ರ ಅರೆ ಮಾತ್ರೆಯೂ ತಪ್ಪದು. ತಾಂಡಾದಿಂದ ಬರುವ ಹುಡುಗಿ ಹತ್ತು ದನಿಗಳಲ್ಲಿ ತನ್ನ ದನಿ ಬೆರೆಸುವುದನ್ನು ಮನೆಯಲ್ಲೇ ಕಲಿತಿರುತ್ತಾಳೆ. ಒಬ್ಬಳೇ ಮೈಕಿನ ಮುಂದೆ ನಿಂತರೆ ಬಾಯೇ ಬಿಡಳು. ಮನೆಯಲ್ಲಿ ಮರಾಠಿ, ಉರ್ದು ಆಡುವ ಮಕ್ಕಳಿಗೆ ವಚನದ ಕನ್ನಡ ತೊಡರುತ್ತದೆ. ಅದಕ್ಕಾಗಿ ಸಂಗೀತದ ಶ್ರೇಣಿ ಇಳಿಸುವುದು ಅನ್ಯಾಯ. ನಮ್ಮದೇ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ ಹುಮನಾಬಾದಿನ ಮಾಣಿಕನಗರದಲ್ಲಿ ನೆಲೆನಿಂತ ಮಾಣಿಕ ಪ್ರಭುಗಳು ಒಂದೇ ಭಾಷೆಗೆ ಕಟ್ಟುಬೀಳದೆ ಪದ ಕಟ್ಟಿದವರು.

ಪ್ರತಿಭಾ ಕಾರಂಜಿಯ ಬಹುಮಾನ ನೋಡಿ ಎ ಬರೆದುಬಿಡುವುದು ಸುಲಭ. ಆ ವೇದಿಕೆ ಮಕ್ಕಳಿಗೆ ಬೇಕೇ ಬೇಕು. ಆದರೆ ಅಲ್ಲಿ ಗೆಲ್ಲುವವರು ಬಹುಪಾಲು ಹಾಡು ಬಲ್ಲವರಾಗಿಯೇ ಶಾಲೆಗೆ ಬಂದವರು. ಬಾರದವರಿಗೆ ನಾವೇನು ಕಲಿಸಿದೆವು ಎಂಬುದು ಅಲ್ಲಿ ತಿಳಿಯುವುದಿಲ್ಲ. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗಳಂತೂ ಸಂಗೀತವನ್ನೇ ಹಿಡಿದವರಿಗೆ.

ಇಂದಿನ ಬಸವಕಲ್ಯಾಣವಾದ ಕಲ್ಯಾಣದಲ್ಲಿ ಆಳಿದ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ಮಾನಸೋಲ್ಲಾಸದಲ್ಲಿ ಗೀತ, ವಾದ್ಯ, ನೃತ್ಯಗಳನ್ನು ಬೇರೆ ಬೇರೆಯಾಗಿ ವಿವರಿಸಿದ. ಅವನ ಮಗ ಜಗದೇಕಮಲ್ಲ ಸಂಗೀತ ಚೂಡಾಮಣಿ ಬರೆದ. ಅದೇ ಊರಿನ ಮಗುವಿನ ಹಾಡು ಇಂದು ಚಿತ್ರಕಲೆಯ ಜತೆ ಒಂದೇ ಅಕ್ಷರಕ್ಕೆ ಇಳಿಯಬಾರದು.

ಹೀಗೆ ಮಾಡಬಹುದು. ಜೂನ್ ಕೊನೆಗೊಮ್ಮೆ, ಫೆಬ್ರವರಿಯಲ್ಲೊಮ್ಮೆ ಪ್ರತಿ ಮಗುವಿನಿಂದ ಅದೇ ಹಾಡು ಹಾಡಿಸಿ ಒಂದು ನಿಮಿಷ ಧ್ವನಿಮುದ್ರಿಸೋಣ. ಅದು ಶಾಲೆಯಲ್ಲೇ ಇರಲಿ. ಹಿಂಜರಿಯುವ ಮಗು ಜೊತೆಗಾರರೊಂದಿಗೆ ಹಾಡಲಿ. ಎರಡನ್ನೂ ಮಗುವಿಗೇ ಕೇಳಿಸಿ, ಎಲ್ಲಿ ಶ್ರುತಿ ನಿಂತಿತು, ಎಲ್ಲಿ ಜಾರಿತು ಎಂದು ಮಗುವನ್ನೇ ಕೇಳೋಣ. ಶ್ರೇಣಿಯ ಪಕ್ಕ ಶಿಕ್ಷಕರು ಎರಡು ಸಾಲು ಬರೆಯಲು ಜಾಗ ಕೊಡಿ. ಸಂಗೀತ ಶಿಕ್ಷಕರೇ ಇಲ್ಲದ ಕಡೆ ಸಂಗೀತಕ್ಕೆ ಶ್ರೇಣಿ ಬರೆಯಲು ಯಾರನ್ನೂ ಒತ್ತಾಯಿಸಬೇಡಿ. ಆ ಖಾಲಿ ಜಾಗ ನೋಡಿಯಾದರೂ ಹುದ್ದೆ ತುಂಬುವ ಮಾತು ಏಳಲಿ.

ಈ ಎರಡು ತಾಲ್ಲೂಕುಗಳಲ್ಲಿ ಒಂದು ವರ್ಷ ಇದನ್ನು ನಡೆಸಿ ನೋಡಲು ಅನುಮತಿ ಕೊಡಿ. ನಮೂನೆಯನ್ನು ನಾವೇ ಸಿದ್ಧಮಾಡಿ ತರುತ್ತೇವೆ. ತಾವು ದಿನ ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಬೀದರ್ ಜಿಲ್ಲೆಯ ಒಬ್ಬ ಸಂಗೀತ ಶಿಕ್ಷಕ